ಬಾಲಮಂದಿರದ ಮಕ್ಕಳೂ ಹಾಸ್ಟೆಲ್ಲಿನ ನಾವೂ

(ವಿದ್ಯಾರ್ಥಿನಿಲಯಗಳ ಯುವಕ ಯುವತಿಯರ ಒಂದು ದಿನದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಹೆಚ್ಚು ತಿದ್ದದೆ ಕೊಟ್ಟಿದೆ.)



ನನಗೆ ಕೊಟ್ಟಿರುವ ವಿಷಯ 'ಯುವಜನರಿಗೆ ಬೆಂಬಲ ಸೇವೆಗಳು' ಅಂತ. ಕೇಳಿದರೆ ಇಲಾಖೆಯ ಸುತ್ತೋಲೆ ಓದಿದ ಹಾಗಾಗುತ್ತೆ. ಅದಕ್ಕೇ ನಾನು ಇದನ್ನು ಎರಡು ಪ್ರಶ್ನೆಗೆ ಇಳಿಸಿಕೊಂಡಿದ್ದೇನೆ. ಮನೆ ಬಿಟ್ಟು ಸರ್ಕಾರದ ಕಟ್ಟಡದಲ್ಲಿ ಬೆಳೆಯುವ ಮಗುವಿನ ಹತ್ತಿರ ಹೊರಗಿನಿಂದ ಬಂದು, 'ಹೆಂಗಿದೀಯಪ್ಪಾ' ಅಂತ ಕೇಳುವವರು ಯಾರು? ಆ ಮಗುವನ್ನು ನೋಡಲು ಅದರ ಅವ್ವ ಬಂದರೆ ಗೇಟಿನಲ್ಲಿ ಅವಳಿಗೆ ಏನಾಗುತ್ತೆ? ಈ ಎರಡರ ಸುತ್ತ ಮಾತ್ರ ಮಾತಾಡ್ತೀನಿ.

ಮನೆ ಬಿಟ್ಟು ಬೆಳೆಯೋದು ಅಂದರೆ ಏನು ಅನ್ನೋದನ್ನ ನಿಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಐದನೇ ಕ್ಲಾಸಿಗೆ ಟ್ರಂಕು ಹೊತ್ತುಕೊಂಡು ಬಂದು, ಮೊದಲ ರಾತ್ರಿ ಚಾಪೆಯ ಮೇಲೆ ಮುಖ ಮುಚ್ಚಿಕೊಂಡು ಅತ್ತು, ಬೆಳಿಗ್ಗೆ ಯಾರಿಗೂ ಗೊತ್ತಾಗಬಾರದು ಅಂತ ನಲ್ಲಿ ಹತ್ತಿರ ಮುಖ ತೊಳೆದುಕೊಂಡವರು ನಾವು. ಆದರೆ ನಮಗೆ ದಸರಾ ರಜೆ ಇತ್ತು. ಊರಿಗೆ ಹೋಗುವ ಬಸ್ಸು ಯಾವ ಹೊತ್ತಿಗೆ ಬರುತ್ತೆ ಅಂತ ಗೊತ್ತಿತ್ತು. ವಾರ್ಡನ್ ಕೆಟ್ಟವನಾದರೆ ಅಪ್ಪನ ಹತ್ತಿರ ಹೇಳಬಹುದಿತ್ತು. ನಮ್ಮ ಹಾಸ್ಟೆಲ್ಲುಗಳಿಂದ ಕೂಗಳತೆಯ ದೂರದಲ್ಲಿ ಬಾಲಮಂದಿರಗಳಿವೆ, ವೀಕ್ಷಣಾಲಯಗಳಿವೆ. ನಾವು ಅರ್ಜಿ ಹಾಕಿ ಒಳಗೆ ಬಂದವರು. ಆ ಮಕ್ಕಳು ಆದೇಶದ ಮೇಲೆ ಒಳಗೆ ಬಂದವರು. ಹೊರಗೆ ಹೋಗಬೇಕಾದರೂ ಇನ್ನೊಂದು ಆದೇಶ ಬೇಕು.

ನಾನು ಕೆಲವು ವರ್ಷಗಳಿಂದ ಇಂಥ ಕಡೆಗಳಿಗೆ ಹೋಗಿ ಬರುತ್ತಿದ್ದೇನೆ. ಅಲ್ಲಿ ಸಾಲಾಗಿ ಕೂತ ಮುಖಗಳನ್ನು ನೋಡಿದರೆ ನಮ್ಮ ಕೇರಿಯ ಶಾಲೆಯ ಒಂದು ಕ್ಲಾಸು ನೋಡಿದ ಹಾಗಾಗುತ್ತೆ. ಇಟ್ಟಿಗೆ ಗೂಡಿನಿಂದ ಬಿಡಿಸಿ ತಂದ ಹುಡುಗ. ಮದುವೆ ನಿಲ್ಲಿಸಿ ಕರೆತಂದ ಹದಿನೈದರ ಹುಡುಗಿ. ಅಪ್ಪ ಕುಡಿದು ಸತ್ತು, ಅವ್ವ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸಕ್ಕೆ ಹೋಗಿ, ಅಜ್ಜಿಯ ಕೈಯಲ್ಲಿ ಉಳಿದು, ಅಜ್ಜಿಗೂ ಆಗದೆ ಬಂದ ಅಣ್ಣ ತಂಗಿ. ಬೈಕು ಕದ್ದ ಅಂತ ಹಿಡಿದು ತಂದ ಹುಡುಗ. ಮೇಲ್ಜಾತಿಯ ಹುಡುಗಿಯ ಜೊತೆ ಓಡಿಹೋದ ಅಂತ ಪೋಕ್ಸೊ ಕೇಸು ಹಾಕಿಸಿಕೊಂಡ ಹದಿನೇಳರ ಹುಡುಗ. ಇವರಲ್ಲಿ ನಮ್ಮವರು ಎಷ್ಟು ಅಂತ ಲೆಕ್ಕ ಕೊಡೋಕೆ ನಾನು ಬಂದಿಲ್ಲ. ಒಂದು ಸಲ ಹೋಗಿ ಬನ್ನಿ, ನಿಮಗೇ ಕಾಣುತ್ತೆ.

ಕಾನೂನನ್ನು ಸ್ವಲ್ಪ ಹೇಳಿಬಿಡ್ತೀನಿ, ಬೇಸರ ಮಾಡ್ಕೋಬೇಡಿ. ಇದನ್ನು ತಿಳಿಯದೆ ಗೇಟಿನ ಹತ್ತಿರ ನಿಂತರೆ ಕಾವಲುಗಾರ ಹೇಳಿದ್ದೇ ಕಾನೂನಾಗುತ್ತೆ. ಈಗ ಇರುವುದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬದವರೆಲ್ಲ ಇದರ ಕಣ್ಣಿಗೆ ಮಕ್ಕಳು. ಪಾಲನೆ, ರಕ್ಷಣೆ ಬೇಕಾದ ಮಕ್ಕಳು ಹೋಗುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಅದರಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಯಾವುದೇ ಮಗುವನ್ನು ಸಿಕ್ಕ 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಕಾನೂನಿನ ಜೊತೆ ತಿಕ್ಕಾಟಕ್ಕೆ ಬಿದ್ದ ಮಕ್ಕಳು ಹೋಗುವುದು ಬಾಲ ನ್ಯಾಯ ಮಂಡಳಿಯ ಮುಂದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು, ಅವರಿಬ್ಬರಲ್ಲಿ ಒಬ್ಬರಾದರೂ ಹೆಂಗಸು. ಈ ಎರಡನ್ನೂ ಒಂದೇ ಅಂತ ತಿಳಿದು ಅಪ್ಪ ಅವ್ವಂದಿರು ಎಷ್ಟು ಬಾಗಿಲು ಅಲೆಯುತ್ತಾರೆ ಅಂದರೆ ಹೇಳತೀರದು.

ಇದೇ ಕಾಯ್ದೆಯ ಮೂರನೇ ಕಲಮಿನಲ್ಲಿ ತತ್ವಗಳನ್ನು ಹೇಳಿದ್ದಾರೆ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ. ಮಗುವನ್ನು ಬೆಳೆಸುವ ಮೊದಲ ಹೊಣೆ ಕುಟುಂಬದ್ದು. ಆದಷ್ಟು ಬೇಗ ಮಗು ಮನೆಗೆ ಮರಳಬೇಕು. ನಾನು ಇದನ್ನು ಓದಿದಾಗಲೆಲ್ಲ ನಗು ಬರುತ್ತೆ, ಕೋಪವೂ ಬರುತ್ತೆ. ಯಾಕೆಂದರೆ ಮನೆಗೆ ಮರಳಬೇಕಾದ ಮಗುವಿಗೆ ಮನೆಯವರ ಮುಖ ಮರೆಯಬಾರದು ತಾನೆ? ಹಾಗಾದರೆ ಭೇಟಿ ಅನ್ನೋದು ಉಪಕಾರವೋ, ಆ ಕಾಯ್ದೆಯ ಹೊಟ್ಟೆಯೊಳಗಿನ ಕೆಲಸವೋ?

ಭೇಟಿಯ ದಿನ ಹೇಗಿರುತ್ತೆ, ಕೇಳಿ. ಒಂದು ಕಡೆ ನಾನು ಕಂಡದ್ದು. ಗುರುವಾರ, ಮಟಮಟ ಮಧ್ಯಾಹ್ನ. ಒಬ್ಬ ಹೆಂಗಸು ಗೇಟಿನ ಹತ್ತಿರ ನಿಂತಿದ್ದಳು. ಸೆರಗಿನಲ್ಲಿ ಕಡ್ಲೆಪುರಿ ಗಂಟು, ಕೈಯಲ್ಲಿ ಒಂದು ಹೊಸ ಲಂಗ. ಅಲ್ಲಿ ಭೇಟಿಗೆ ಇಟ್ಟಿದ್ದ ದಿನ ಭಾನುವಾರ. 'ಭಾನುವಾರ ಬಾರಮ್ಮ, ಇವತ್ತು ಬಿಡಲ್ಲ' ಅಂದ ಕಾವಲುಗಾರ. ಅವಳು, 'ಸ್ವಾಮಿ, ಭಾನುವಾರ ಗೌಡ್ರು ಬಿಡಕಿಲ್ಲ, ಐದು ನಿಮಿಷ ಮೊಖ ನೋಡ್ಕಂಡು ಹೊಂಟೋಯ್ತೀನಿ' ಅಂದಳು. ಗೌಡರ ತೋಟದ ಕೆಲಸಕ್ಕೆ ಭಾನುವಾರ ರಜೆ ಅಂತ ಎಲ್ಲಿದೆ? ಒಂದು ಗಂಟೆ ನಿಂತಳು. ಕೊನೆಗೆ ಯಾರೋ ಆಪ್ತ ಸಮಾಲೋಚಕಿ ಹೊರಗೆ ಬಂದು ಒಳಗೆ ಕರೆದುಕೊಂಡು ಹೋದರು. ಕಡ್ಲೆಪುರಿ ಗೇಟಿನಲ್ಲೇ ಉಳಿಯಿತು. ಹೊರಗಿನ ತಿಂಡಿ ತಿಂದು ಮಕ್ಕಳಿಗೆ ಏನಾದರೂ ಆದರೆ ಜವಾಬ್ದಾರಿ ಯಾರದು ಅನ್ನೋದು ಅವರ ಪ್ರಶ್ನೆ. ಆ ಪ್ರಶ್ನೆಯಲ್ಲಿ ನ್ಯಾಯ ಇದೆ, ಇಲ್ಲ ಅನ್ನಲ್ಲ. ಆದರೆ ಮಗಳ ಕಣ್ಣು ಹುಡುಕಿದ್ದು ಆ ಗಂಟನ್ನೇ.

ಒಳಗೆ ಏನಿತ್ತು? ಆಫೀಸು ರೂಮು. ಮೇಜಿನ ಆ ಕಡೆ ಅಧಿಕಾರಿ, ಈ ಕಡೆ ಅವ್ವ ಮಗಳು ಎರಡು ಕುರ್ಚಿಯಲ್ಲಿ. ಅವ್ವ ಮೊದಲು ಕೂರಲೇ ಇಲ್ಲ. ಸರ್ಕಾರಿ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಅಭ್ಯಾಸವಿಲ್ಲದ ಹೆಂಗಸು. 'ಉಂಡಾ ಮಗ?' ಅಂದಳು. 'ಹ್ಞೂಂ' ಅಂತು ಮಗು. ಆಮೇಲೆ ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡರು. ಏನು ಬರೆದರೋ, 'ತಾಯಿ ಮಗಳ ನಡುವೆ ಬಾಂಧವ್ಯ ಕಡಿಮೆ' ಅಂತ ಬರೆದಿದ್ದರೂ ನನಗೆ ಆಶ್ಚರ್ಯವಿಲ್ಲ. ಆ ಕೋಣೆಯಲ್ಲಿ ಬಾಂಧವ್ಯ ಕಾಣಿಸಬೇಕಾದರೆ ನಾಟಕದವರು ಬೇಕು.

ಭೇಟಿಗೆ ಹೊರಟ ನಮ್ಮವರ ದಾರಿಯಲ್ಲಿ ಯಾರು ಅಡ್ಡ ನಿಲ್ಲುತ್ತಾರೆ ಅನ್ನೋದು ಹಳೆಯ ಕತೆ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದದ್ದು ನಿಮಗೆ ನೆನಪಿರಬೇಕು. 1901. ಅಪ್ಪ ರಾಮಜಿ ಕೆಲಸದ ಮೇಲೆ ದೂರದಲ್ಲಿದ್ದರು. ಸಾತಾರಾದಿಂದ ಮಕ್ಕಳು ಅಪ್ಪನನ್ನು ನೋಡಲು ಹೊಸ ಬಟ್ಟೆ ಹಾಕಿಕೊಂಡು ಸಂಭ್ರಮದಿಂದ ರೈಲು ಹತ್ತಿದರು. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಜಾತಿ ತಿಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಗಾಡಿಯವನು ಎರಡರಷ್ಟು ಬಾಡಿಗೆ ಕೇಳಿ, ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ. ಬುತ್ತಿ ಇತ್ತು, ನೀರಿಲ್ಲದೆ ತಿನ್ನಲಾಗಲಿಲ್ಲ. ಇದನ್ನು ಅಸ್ಪೃಶ್ಯತೆಯ ಕತೆ ಅಂತ ಓದುತ್ತೇವೆ, ಸರಿ. ನಾನು ಇನ್ನೊಂದು ರೀತಿಯಲ್ಲೂ ಓದುತ್ತೇನೆ: ಅಪ್ಪನನ್ನು ನೋಡಲು ಹೊರಟ ಮಕ್ಕಳ ಕತೆ ಅದು.

ಈಗ ನೀವು ಕೇಳಬಹುದು: ಹಾಗಾದರೆ ಮೇಲ್ವಿಚಾರಣೆಯೇ ಬೇಡವಾ? ಅವ್ವ ಅಪ್ಪ ಬಂದಾಗ ಪಕ್ಕದಲ್ಲಿ ಯಾರೂ ಇರಬಾರದಾ?

ಬೇಕು. ಇದನ್ನು ನಾನು ಒತ್ತಿ ಹೇಳ್ತೀನಿ. ನಮ್ಮ ಕೇರಿಯನ್ನು ನಾವು ಬೇಕಾದ್ದಕ್ಕಿಂತ ಹೆಚ್ಚು ಹೊಗಳಿಕೊಳ್ಳಬಾರದು. ಮದುವೆ ನಿಲ್ಲಿಸಿದ ಹುಡುಗಿಯನ್ನು ನೋಡಲು ಬಂದ ಸೋದರಮಾವ, 'ವಾಪಸ್ ಬಂದು ಒಪ್ಕೊ, ಇಲ್ಲಾಂದ್ರೆ ನಿಮ್ಮವ್ವ ಬಾವಿಗೆ ಬೀಳ್ತಾಳೆ' ಅಂತ ಕಿವಿಯಲ್ಲಿ ಹೇಳಿ ಹೋಗುತ್ತಾನೆ. ಅತ್ಯಾಚಾರದ ಕೇಸಿನಲ್ಲಿ ರಾಜಿಯಾದ ಅಪ್ಪ, ಮಗಳ ಹೇಳಿಕೆ ತಿರುಗಿಸಲು ಭೇಟಿಗೆ ಬರುತ್ತಾನೆ. ಆ ರಾಜಿಯ ಹಿಂದೆ ಊರ ಯಜಮಾನರ ಒತ್ತಡ ಇರುತ್ತೆ ಅನ್ನೋದೂ ನಿಜ. ಇಟ್ಟಿಗೆ ಗೂಡಿನ ಮೇಸ್ತ್ರಿ 'ಚಿಕ್ಕಪ್ಪ' ಅಂತ ಹೆಸರು ಬರೆಸಿ ಒಳಗೆ ಬರುತ್ತಾನೆ, ಮುಂಗಡ ಕೊಟ್ಟ ಸಾಲದ ಮಾತು ತೆಗೆಯುತ್ತಾನೆ. ಹೊಡೆದ ಅಪ್ಪನ ಎದುರು ಮಗು ಒಬ್ಬಂಟಿಯಾಗಿ ಕೂರಬೇಕು ಅಂತ ಯಾವ ಪ್ರೀತಿಯೂ ಹೇಳುವುದಿಲ್ಲ. ಇಂಥ ಕಡೆ ಒಬ್ಬರು ಪಕ್ಕದಲ್ಲಿ ಇರಲೇಬೇಕು.

ಪ್ರಶ್ನೆ ಇರುವುದು ಯಾರಿಗಾಗಿ ಇರುತ್ತಾರೆ ಅನ್ನೋದರಲ್ಲಿ. ಸಂಸ್ಥೆಯ ಮರ್ಯಾದೆ ಕಾಯಲು ಕೂತವರು ಬೇರೆ, ಮಗುವಿನ ಬೆನ್ನಿಗೆ ಕೂತವರು ಬೇರೆ. ಮೊದಲನೆಯವರು, ಮಗು ಅವ್ವನ ಹತ್ತಿರ 'ಇಲ್ಲಿ ಹೊಡೀತಾರೆ' ಅಂತ ಹೇಳದ ಹಾಗೆ ನೋಡಿಕೊಳ್ಳುತ್ತಾರೆ. ಎರಡನೆಯವರು ಭೇಟಿಗೆ ಮುಂಚೆಯೇ ಮಗುವನ್ನು ಕೇಳಿರುತ್ತಾರೆ: ಇವರನ್ನು ನೋಡಲು ನಿನಗೆ ಇಷ್ಟವಿದೆಯಾ? ಭಯವಾದರೆ ನನಗೆ ಹೇಗೆ ಸನ್ನೆ ಮಾಡ್ತೀಯ? ಭೇಟಿ ಮುಗಿದ ಮೇಲೆ ಹತ್ತು ನಿಮಿಷ ಮಗುವಿನ ಜೊತೆ ಇರುತ್ತಾರೆ, ಯಾಕೆಂದರೆ ಅವ್ವ ಗೇಟು ದಾಟಿದ ಮೇಲಿನ ಆ ಹತ್ತು ನಿಮಿಷವೇ ಕಷ್ಟದ್ದು. ಅವ್ವನಿಗೂ ಒಂದು ಲೋಟ ನೀರು ಕೊಡುತ್ತಾರೆ, ಮುಂದಿನ ಭೇಟಿ ಯಾವತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಮೇಜಿನ ಬದಲು ಮರದ ಕೆಳಗೆ ಚಾಪೆ ಹಾಸುತ್ತಾರೆ. ಮಾತಿಲ್ಲದಿದ್ದರೆ ಕೈಗೆ ಕೆಲಸ ಇರಲಿ ಅಂತ ಹುರುಳಿಕಾಯಿ ಬಿಡಿಸಲು ಕೊಟ್ಟದ್ದನ್ನು ನಾನು ಒಂದು ಕಡೆ ನೋಡಿದ್ದೇನೆ. ಅವತ್ತು ಅವ್ವ ಮಗ ಅರ್ಧ ಗಂಟೆ ಮಾತಾಡಿದರು. ಮೇಲ್ವಿಚಾರಕರು ದೂರದಲ್ಲಿ ಕೂತು ಪೇಪರು ಓದುತ್ತಿದ್ದರು, ಕಣ್ಣು ಮಾತ್ರ ಇಲ್ಲಿತ್ತು. ಇದಕ್ಕೆ ಬಜೆಟ್ಟು ಬೇಕಾ?

ಇನ್ನೊಂದು ಕಲಮನ್ನು ಬರೆದುಕೊಳ್ಳಿ. 98ನೆಯದು. ಸಂಸ್ಥೆಯಲ್ಲಿರುವ ಮಗುವಿಗೆ ಪರೀಕ್ಷೆ, ನೆಂಟರ ಮದುವೆ, ಹತ್ತಿರದವರ ಸಾವು, ಅಪ್ಪ ಅವ್ವನ ಅಪಘಾತ, ದೊಡ್ಡ ಕಾಯಿಲೆ, ಇಂಥ ಸಂದರ್ಭದಲ್ಲಿ ಸಮಿತಿ ಅಥವಾ ಮಂಡಳಿ ರಜೆ ಕೊಡಬಹುದು. ಮೇಲ್ವಿಚಾರಣೆಯಲ್ಲಿ, ಸಾಮಾನ್ಯವಾಗಿ ಒಂದು ಸಲಕ್ಕೆ ಏಳು ದಿನ ಮೀರದಂತೆ. ಪ್ರಯಾಣದ ಹೊತ್ತು ಆ ಏಳು ದಿನದಲ್ಲಿ ಸೇರುವುದಿಲ್ಲ. ಆ ರಜೆ ಮಗು ಸಂಸ್ಥೆಯಲ್ಲಿ ಕಳೆಯಬೇಕಾದ ಕಾಲದಲ್ಲೇ ಲೆಕ್ಕಕ್ಕೆ ಬರುತ್ತೆ. ಅಜ್ಜಿ ಸತ್ತ ಸುದ್ದಿ ಹದಿನೈದು ದಿನ ಆದಮೇಲೆ ತಿಳಿದ ಹುಡುಗರನ್ನು ನಾನು ಬಲ್ಲೆ. ತಿಥಿಯೂ ಮುಗಿದಿತ್ತು. ಕಲಮು ಇತ್ತು, ಅರ್ಜಿ ಬರೆಯುವವರು ಇರಲಿಲ್ಲ. ಅರ್ಧ ಹಾಳೆಯ ಅರ್ಜಿ ಅದು.

ಫೋನಿನ ವಿಷಯ ಒಂದು ಮಾತು. ಗಂಡ ಹೆಂಡತಿಯ ಜಗಳದಲ್ಲಿ ಸಿಕ್ಕಿದ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ, ಮಗುವಿಗೆ ಇಬ್ಬರ ಪ್ರೀತಿಯೂ ಸಲ್ಲಬೇಕು, ಎದುರಿಗೆ ಭೇಟಿ ಆಗದಿದ್ದರೆ ಫೋನು, ವಿಡಿಯೋ ಕರೆಯಲ್ಲಾದರೂ ಮಾತು ಇರಬೇಕು ಅಂತ ಹೇಳಿತು. ಅದು ಓದಿದವರ, ವಿದೇಶದ ನೌಕರಿಯವರ ಮನೆಯ ಜಗಳ. ಅಲ್ಲಿ ಒಪ್ಪಿದ ಮಾತು ಇಟ್ಟಿಗೆ ಗೂಡಿನ ಅವ್ವನ ಮಗುವಿಗೆ ಯಾಕೆ ಒಪ್ಪಬಾರದು? 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು, ಅದರಿಂದ ಅವ್ವಂದಿರು ಭೇಟಿಗೆ ಬರೋದು ಸುಲಭವಾಯಿತು ಅಂತ ಒಳಗಿನ ಸಿಬ್ಬಂದಿಯೇ ಹೇಳುತ್ತಾರೆ. ಒಳ್ಳೆಯದೇ. ಅಪ್ಪನಿಗೆ ಟಿಕೆಟ್ಟು ಇದೆ. ಇಬ್ಬರಿಗೂ ಹೋದ ದಿನದ ಕೂಲಿ ಹೋದದ್ದೇ.

ಈಗ ಎರಡನೆಯ ವಿಷಯ. ಸರ್ಕಾರದ ಕಾಗದಗಳಲ್ಲಿ 'ಮೆಂಟರ್' ಅಂತಾರೆ. ಕನ್ನಡದಲ್ಲಿ 'ಮಾರ್ಗದರ್ಶಕ' ಅಂದರೆ ಎದುರಿಗೆ ಕೂತು ಬುದ್ಧಿ ಹೇಳುವವನು ಅಂತ ಅರ್ಥ ಬರುತ್ತೆ, ನಮಗೆ ಬುದ್ಧಿ ಹೇಳುವವರು ಮೊದಲೇ ಜಾಸ್ತಿ. ನಾನು 'ಜೊತೆಯವರು' ಅಂತೀನಿ.

ಇದು ಎಲ್ಲಿಂದ ಬಂತು ಅಂತ ನೋಡಿದರೆ ನಮಗೆ ಖುಷಿಯಾಗುವ ಒಂದು ಸಂಗತಿ ಇದೆ. ಅಮೆರಿಕದ ಬಾಸ್ಟನ್ ಊರಿನಲ್ಲಿ ಜಾನ್ ಆಗಸ್ಟಸ್ ಅಂತ ಒಬ್ಬ ಬೂಟು ಹೊಲಿಯುವವನಿದ್ದ. 1841ರಲ್ಲಿ ಒಂದು ದಿನ ಪೊಲೀಸ್ ಕೋರ್ಟಿಗೆ ಹೋಗಿದ್ದಾಗ ಕುಡಿತದ ಕೇಸಿನ ಒಬ್ಬ ಬಡವನನ್ನು ಜೈಲಿಗೆ ಕಳಿಸುತ್ತಿದ್ದರು. ಇವನು ಎದ್ದು ನಿಂತು, 'ನಾನು ಜಾಮೀನು, ನಾನು ನೋಡಿಕೊಳ್ಳುತ್ತೇನೆ' ಅಂದ. ಮೂರು ವಾರ ಬಿಟ್ಟು ಆ ಮನುಷ್ಯನನ್ನು ಕೋರ್ಟಿಗೆ ಕರೆತಂದಾಗ ಗುರುತೇ ಸಿಗದಷ್ಟು ಬದಲಾಗಿದ್ದ. ಆಮೇಲೆ ಸಾಯುವ ತನಕ ಈ ಚಮ್ಮಾರ ಎರಡು ಸಾವಿರಕ್ಕೆ ಹತ್ತಿರದ ಜನರಿಗೆ, ಅವರಲ್ಲಿ ಹುಡುಗ ಹುಡುಗಿಯರಿಗೂ, ಹೀಗೆ ಜಾಮೀನು ನಿಂತ. ಇವತ್ತು ನಮ್ಮ ಬಾಲ ನ್ಯಾಯ ಮಂಡಳಿಗಳಲ್ಲಿ ಫೈಲು ಹಿಡಿದು ಓಡಾಡುವ ಪರಿವೀಕ್ಷಣಾಧಿಕಾರಿಯ ಹುದ್ದೆಗೆ ಮೂಲಪುರುಷ ಆತನೇ. ಚರ್ಮದ ಕೆಲಸದವನಿಂದ ಜಗತ್ತಿನ ನ್ಯಾಯಾಲಯಗಳು ಒಂದು ಪಾಠ ಕಲಿತವು ಅನ್ನೋದನ್ನ ಕಾನೂನು ಕಾಲೇಜಿನಲ್ಲಿ ನಿಮಗೆ ಯಾರಾದರೂ ಹೇಳಿದ್ದಾರಾ?

1904ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ಕೋರ್ಟಿನ ಗುಮಾಸ್ತ ಅರ್ನೆಸ್ಟ್ ಕೌಲ್ಟರ್, ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬರು ಹಿರಿಯಣ್ಣನಾಗಿ ಬನ್ನಿ ಅಂತ ಕರೆ ಕೊಟ್ಟ. ಅದೇ ಮುಂದೆ ದೊಡ್ಡ ಸಂಸ್ಥೆಯಾಯಿತು. ಆ ಸಂಸ್ಥೆಯ 959 ಹುಡುಗ ಹುಡುಗಿಯರ ಮೇಲೆ ನಡೆದ ಅಧ್ಯಯನ 1995ರಲ್ಲಿ ಹೊರಬಂತು. ಜೊತೆಯವರು ಸಿಕ್ಕ ಮಕ್ಕಳು ಶಾಲೆ ತಪ್ಪಿಸುವುದು ಕಡಿಮೆ, ಮಾದಕ ವಸ್ತು ಮುಟ್ಟುವುದು ಕಡಿಮೆ ಅಂತ ಕಂಡಿತು. ಆದರೆ ನನಗೆ ಮುಖ್ಯ ಅನಿಸಿದ್ದು ಅದೇ ಮಕ್ಕಳ ಲೆಕ್ಕವನ್ನು ಮತ್ತೆ ಬಿಡಿಸಿ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಇಬ್ಬರು 2002ರಲ್ಲಿ ಬರೆದದ್ದು. ಒಂದು ವರ್ಷಕ್ಕೂ ಹೆಚ್ಚು ಕಾಲ ಜೊತೆಯಿದ್ದವರಿಂದ ಮಕ್ಕಳಿಗೆ ಲಾಭವಾಗಿತ್ತು. ಮೂರು ತಿಂಗಳೊಳಗೆ ಬಿಟ್ಟುಹೋದವರಿಂದ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಸಿದಿತ್ತು. ಅಂದರೆ ಬರದೇ ಇದ್ದಿದ್ದರೆ ವಾಸಿ. ಬಿಟ್ಟುಹೋಗುವವರನ್ನು ಕಂಡೇ ಬೆಳೆದ ಮಗುವಿಗೆ ನೀವು ಇನ್ನೊಬ್ಬರಾಗಿ ಬಿಟ್ಟುಹೋದರೆ ಏನಾಗುತ್ತೆ ಅಂತ ಹೇಳಲು ಅಮೆರಿಕದ ಲೆಕ್ಕ ಬೇಕಾಗಿಲ್ಲ, ಆದರೂ ಲೆಕ್ಕ ಇದೆ.

ನಮ್ಮ ಚರಿತ್ರೆಯಲ್ಲೂ ಇಂಥ ಜೊತೆಯವರಿದ್ದಾರೆ. ಮುಂಬಯಿಯ ಚರ್ನಿ ರಸ್ತೆಯ ಉದ್ಯಾನದಲ್ಲಿ ಶಾಲೆ ಬಿಟ್ಟ ಮೇಲೆ ಕೂತು ಓದುತ್ತಿದ್ದ ಒಬ್ಬ ಹುಡುಗನನ್ನು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅನ್ನುವ ಮೇಷ್ಟ್ರು ಗಮನಿಸಿದರು. ಮಾತಾಡಿಸಿದರು, ಪುಸ್ತಕ ಕೊಟ್ಟರು. 1907ರಲ್ಲಿ ಹುಡುಗ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಮನೆಯಲ್ಲಿ ದುಡ್ಡಿಲ್ಲದೆ ಓದು ನಿಲ್ಲುವ ಹೊತ್ತಿಗೆ ಬರೋಡಾ ಮಹಾರಾಜರ ನೆರವು ಕೊಡಿಸಲು ಓಡಾಡಿದರು. ತಿಂಗಳಿಗೆ ಇಪ್ಪತ್ತೈದು ರೂಪಾಯಿ. ಆ ಹುಡುಗ ಯಾರು ಅಂತ ನಾನು ಹೇಳಬೇಕಾಗಿಲ್ಲ. ಕೇಳುಸ್ಕರ್ ಇಲ್ಲದಿದ್ದರೆ ಅಂಬೇಡ್ಕರ್ ಆಗುತ್ತಿರಲಿಲ್ಲ ಅಂತ ನಾನು ಹೇಳಲ್ಲ, ಆ ಥರ ಮಾತು ನನಗೆ ಹಿಡಿಸಲ್ಲ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಿಗೆ ಕೂರಿಸಿದ ರಾಮಜಿಯೂ ಇದ್ದರಲ್ಲ. ಮೇಷ್ಟ್ರು ಅಪ್ಪನ ಜಾಗ ಕಿತ್ತುಕೊಳ್ಳಲಿಲ್ಲ, ಅಪ್ಪನಿಗೆ ಗೊತ್ತಿಲ್ಲದ ಬಾಗಿಲುಗಳನ್ನು ತೋರಿಸಿದರು. ಜೊತೆಯವರ ಕೆಲಸದ ಅಳತೆ ಇಷ್ಟೇ.

ನಮ್ಮ ಹಾಸ್ಟೆಲ್ಲುಗಳಲ್ಲಿ ಇದು ಹೆಸರಿಲ್ಲದೆ ನಡೆದುಕೊಂಡು ಬಂದಿದೆ. ಜಾತಿ ಸರ್ಟಿಫಿಕೇಟಿನ ಆರ್.ಡಿ. ನಂಬರು ತಪ್ಪಾದರೆ ಸ್ಕಾಲರ್‌ಶಿಪ್ ಪೋರ್ಟಲು ಅರ್ಜಿ ತೆಗೆದುಕೊಳ್ಳಲ್ಲ ಅಂತ ನಿಮಗೆ ಹೇಳಿದ್ದು ಯಾರು? ವಾರ್ಡನ್ನಾ? ಮೇಲಿನ ರೂಮಿನ ಬಿ.ಎ. ಕಡೇ ವರ್ಷದ ಅಣ್ಣ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಅದಕ್ಕೇ ದುಡ್ಡು ಬಂದಿಲ್ಲ ಅಂತ ಕಂಡುಹಿಡಿದು ಜೊತೆಗೆ ಬಂದದ್ದು ಯಾರು? ಮುಟ್ಟಿನ ಹೊಟ್ಟೆನೋವಿಗೆ ರಾತ್ರಿ ಬಿಸಿನೀರು ತಂದುಕೊಟ್ಟದ್ದು ಪಕ್ಕದ ಮಂಚದ ಅಕ್ಕ. ನಿಮ್ಮ ಹತ್ತಿರ ಇರುವ ಈ ವಿದ್ಯೆ ಎಂ.ಎಸ್.ಡಬ್ಲ್ಯೂ ಮಾಡಿದ ಎಷ್ಟೋ ಜನರ ಹತ್ತಿರ ಇಲ್ಲ.

ಹೊರಗಿನಿಂದ ಬರುವ ದಾನಿಗಳನ್ನು ನೀವೂ ನೋಡಿದ್ದೀರಿ. ಹುಟ್ಟಿದ ಹಬ್ಬಕ್ಕೆ ಕೇಕು ತಂದು, ಬ್ಯಾಗು ಕೊಟ್ಟು, ಮಕ್ಕಳನ್ನು ಸುತ್ತ ನಿಲ್ಲಿಸಿ ಫೋಟೋ ಹೊಡೆಸಿಕೊಂಡು ಹೋಗುವವರು. ಅವರಿಗೆ ಹೇಳಿ, ನೀವೂ ನೆನಪಿಡಿ: ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಇಂಥ ಮಗುವಿನ ಗುರುತು ಸಿಗುವ ಹೆಸರು, ವಿಳಾಸ, ಚಿತ್ರ ಪ್ರಕಟಿಸುವುದು ಅಪರಾಧ. ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ನಮ್ಮ ಹುಡುಗರು ಬಾಲಮಂದಿರಕ್ಕೆ ಹೋದಾಗ ಫೋನು ಗೇಟಿನಲ್ಲಿ ಕೊಟ್ಟು ಹೋಗಬೇಕು. ಸಂಘದ ಬ್ಯಾನರು ಕಟ್ಟೋದೂ ಬೇಡ.

ಇನ್ನು ಕಷ್ಟದ ಮಾತು. ಜೊತೆಯವರು ಅಂತ ಒಳಗೆ ಹೋಗುವವರನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ವಿಚಾರಿಸುತ್ತಾರೆ, ಪೊಲೀಸ್ ಪರಿಶೀಲನೆ ಕೇಳಬಹುದು. ನಮ್ಮಲ್ಲಿ ಕೆಲವರಿಗೆ ರೋಷ ಬರುತ್ತೆ. ಹೋರಾಟದ ಕೇಸು ಇರುವವರಿಗಂತೂ ಇನ್ನೂ ಜಾಸ್ತಿ. ಪೊಲೀಸರು ನಮ್ಮನ್ನು ನೋಡುವ ಕಣ್ಣು ಯಾವುದು ಅಂತ ನನಗೂ ಗೊತ್ತು. ಆದರೂ ಇದಕ್ಕೆ ಒಪ್ಪಬೇಕು ಅಂತ ನನ್ನ ಖಚಿತ ಅಭಿಪ್ರಾಯ. 'ಅಣ್ಣ', 'ಮಾಮ' ಅಂತ ಹೇಳಿಕೊಂಡು ಒಳಗೆ ಬಂದು ಮಕ್ಕಳನ್ನು ಕೆಡಿಸಿದವರು ಎಲ್ಲ ಜಾತಿಯಲ್ಲೂ ಇದ್ದಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಕೂರಬಾರದು. ದುಡ್ಡು ಕೊಡಬಾರದು. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬಾರದು, ಯಾಕೆಂದರೆ ಆ ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ ನೀವು ಹೇಳಲೇಬೇಕಾಗುತ್ತೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಅದನ್ನು ಪ್ರತಿಯೊಬ್ಬರ ಹೊಣೆ ಮಾಡಿದೆ, ಮುಚ್ಚಿಟ್ಟರೆ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098 ನಿಮ್ಮ ತಲೆಯಲ್ಲಿರಲಿ. ನೀವು ಹೋಗಿರುವುದು ಒಂದು ಮಗುವಿಗೆ ಕಿವಿಯಾಗೋಕೆ, ಸಂಸ್ಥೆಯ ತಪ್ಪು ಹುಡುಕುವ ಪತ್ತೇದಾರರಾಗೋಕೆ ಅಲ್ಲ. ತಪ್ಪು ಕಣ್ಣಿಗೆ ಬಿದ್ದರೆ ಬಾಯಿ ಮುಚ್ಚಿಕೊಂಡು ಬರುವುದೂ ಬೇಡ.

ವೀಕ್ಷಣಾಲಯದ ಹುಡುಗರ ಬಗ್ಗೆ ಬೇರೆಯಾಗಿ ಹೇಳಬೇಕು. ಕಾಯ್ದೆಯ 12ನೇ ಕಲಮಿನಲ್ಲಿ ಜಾಮೀನು ಸಾಮಾನ್ಯ ನಿಯಮ, ಭದ್ರತೆ ಇಟ್ಟೋ ಇಡದೆಯೋ. ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲೋ, ಅರ್ಹ ವ್ಯಕ್ತಿಯ ವಶದಲ್ಲೋ ಬಿಡಬಹುದು. ಆದರೂ ನಮ್ಮ ಹುಡುಗರು ಒಳಗೇ ಕೊಳೆಯುತ್ತಾರೆ. ಯಾಕೆ? ಅಪ್ಪನಿಗೆ ಮಂಡಳಿ ಎಲ್ಲಿದೆ ಅಂತ ಗೊತ್ತಿಲ್ಲ. ಒಂದು ಸಲ ಬಂದಾಗ ಕಲಾಪ ಮುಂದಕ್ಕೆ ಹೋಯಿತು, ಎರಡನೇ ಸಲ ಬರಲು ದುಡ್ಡಿಲ್ಲ. ಉಚಿತ ಕಾನೂನು ನೆರವು ಇದೆ ಅಂತ ಹೇಳುವವರಿಲ್ಲ. ಕಾನೂನು ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಒಂದು ಸಲ ಆ ಅಪ್ಪನ ಊರಿಗೆ ಹೋಗಿ ದಿನಾಂಕ ತಿಳಿಸಿ, ಆ ದಿನ ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಹೋದರೆ ಸಾಕು. ಭಾಷಣಕ್ಕಿಂತ ದೊಡ್ಡ ಕೆಲಸ ಅದು, ನಾನು ಮಾಡುತ್ತಿರುವ ಈ ಭಾಷಣವೂ ಸೇರಿ.

ಅವ್ವ ಇದ್ದೂ, ಬಡತನದ ಒಂದೇ ಕಾರಣಕ್ಕೆ ಮಗು ಒಳಗಿದ್ದರೆ, ಪ್ರಾಯೋಜಕತ್ವ ಅಂತ ಒಂದು ಯೋಜನೆ ಇದೆ. ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗಂಡ ಸತ್ತ, ಗಂಡ ಬಿಟ್ಟ ಹೆಂಗಸರ ಮಕ್ಕಳು, ಅಪ್ಪ ಅವ್ವನಿಲ್ಲದೆ ನೆಂಟರ ಮನೆಯಲ್ಲಿರುವ ಮಕ್ಕಳು, ಇಂಥವರಿಗೆ. ಕುಟುಂಬದ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಬೇರೆ ಕಡೆ 96,000 ಮೀರಬಾರದು. ಅನುದಾನ ಸೀಮಿತ, ಅರ್ಜಿ ಹಾಕಿದವರಿಗೆಲ್ಲ ಸಿಗುತ್ತೆ ಅಂತ ಭರವಸೆ ಕೊಡಬೇಡಿ. ಅರ್ಜಿ ಹಾಕಿಸಿ.

ಹದಿನೆಂಟು ತುಂಬಿದ ದಿನದ ಬಗ್ಗೆ ಯೋಚನೆ ಮಾಡಿ. ನಮಗೆ ಅದು ವೋಟಿನ ವಯಸ್ಸು. ಬಾಲಮಂದಿರದ ಹುಡುಗನಿಗೆ ಅದು ಹೊರಗೆ ಹೋಗುವ ವಯಸ್ಸು. ಕಾಯ್ದೆಯಲ್ಲಿ ಹದಿನೆಂಟರಿಂದ ಇಪ್ಪತ್ತೊಂದರವರೆಗೆ ಅನುಪಾಲನೆ ಅಂತ ಇದೆ, 46ನೇ ಕಲಮಿನಲ್ಲಿ ಹಣದ ನೆರವಿನ ಮಾತೂ ಇದೆ. ಆದರೆ ಆ ಹುಡುಗನಿಗೆ ರೂಮು ಬಾಡಿಗೆಗೆ ಕೇಳುವುದು ಹೇಗೆ, ಮಾಲೀಕ ಜಾತಿ ಕೇಳಿದರೆ ಏನು ಹೇಳಬೇಕು, ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕು, ಯುಗಾದಿಯ ದಿನ ಎಲ್ಲಿಗೆ ಹೋಗಬೇಕು? ಆದೇಶ ಪತ್ರದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಆ ಹುಡುಗ ನಿಮ್ಮ ವಯಸ್ಸಿನವನು. ನಿಮ್ಮ ಕಾಲೇಜಿನಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿರಬಹುದು, ತಾನು ಎಲ್ಲಿ ಬೆಳೆದೆ ಅಂತ ನಿಮಗೆ ಹೇಳಿರಲಿಕ್ಕಿಲ್ಲ. ನಾವು ಹಾಸ್ಟೆಲ್ಲಿನ ಹೆಸರು ಹೇಳಲು ನಾಚಿದ ಹಾಗೆಯೇ ಅದು.

ನಮ್ಮ ಮನೆಯ ಕಡೆಗೂ ನೋಡೋಣ. ನಮ್ಮ ಹಾಸ್ಟೆಲ್ಲುಗಳಿಗೆ ಬರುವ ಅಪ್ಪ ಅವ್ವಂದಿರನ್ನು ಎಲ್ಲಿ ಕೂರಿಸುತ್ತೇವೆ? ಹರಿದ ಪಂಚೆಯ ಅಪ್ಪ ಗೇಟಿಗೆ ಬಂದಾಗ ಬೇಗ ಬೇಗ ಮಾತಾಡಿಸಿ ಕಳಿಸಿಬಿಡುವ ಹುಡುಗರು ಈ ಸಭೆಯಲ್ಲಿ ಇಲ್ಲವಾ? ಎಷ್ಟು ಹಾಸ್ಟೆಲ್ಲುಗಳಲ್ಲಿ ಬಂದವರಿಗೆ ಒಂದು ಬೆಂಚು, ಒಂದು ಲೋಟ ನೀರು ಇದೆ? ಇದಕ್ಕೆ ಇಲಾಖೆಯನ್ನು ಕಾಯಬೇಕಾಗಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಆತ್ಮಹತ್ಯೆಯ ಪ್ರಕರಣವೊಂದರಲ್ಲಿ ನಿರ್ದೇಶನಗಳನ್ನು ಕೊಟ್ಟಿತು: ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಯಲ್ಲಿ ಅರ್ಹ ಆಪ್ತ ಸಮಾಲೋಚಕರಿರಬೇಕು, ಸಣ್ಣ ಸಣ್ಣ ಗುಂಪುಗಳಿಗೆ ಮೆಂಟರುಗಳನ್ನು ಗೊತ್ತುಮಾಡಬೇಕು, ಪರೀಕ್ಷೆಯ ಹೊತ್ತಿನಲ್ಲಂತೂ ಹೆಚ್ಚಾಗಿ. ನಿಮ್ಮ ಕಾಲೇಜಿನಲ್ಲಿ ಆಗಿದೆಯಾ ಕೇಳಿ. ಆಗಿದೆ ಅಂತ ನೋಟೀಸ್ ಬೋರ್ಡಿನಲ್ಲಿ ಪಟ್ಟಿ ಇದ್ದರೆ, ಆ ಮೆಂಟರಿಗೆ ನಿಮ್ಮ ಹೆಸರು ಗೊತ್ತಿದೆಯಾ ಅಂತಲೂ ಕೇಳಿ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದ ಮೇಲೆ ನಾವು ಬೀದಿಗಿಳಿದು ಕೂಗಿದೆವು, ಕೂಗಬೇಕಾಗಿತ್ತು. ಅವತ್ತಿನ ರಾತ್ರಿಗಳಲ್ಲಿ ನಮ್ಮ ಹಾಸ್ಟೆಲ್ಲಿನ ಯಾವ ರೂಮಿನ ದೀಪ ಆರಿರಲಿಲ್ಲ ಅಂತ ನೋಡುವ ಅಭ್ಯಾಸವೂ ನಮಗೆ ಬರಬೇಕು.

ಇಷ್ಟು ಹೇಳಿ ಕೆಲಸದ ಮಾತಿಗೆ ಬರ್ತೀನಿ. ಊಟದ ಹೊತ್ತಿಗೆ ಒಂದು ನೋಟ್‌ಪುಸ್ತಕ ಸುತ್ತ ಬರುತ್ತೆ. ಇದೇ ಊರಿನಲ್ಲಿ ಇನ್ನೂ ಒಂದು ವರ್ಷ ಇರುತ್ತೇವೆ ಅನ್ನುವವರು ಮಾತ್ರ ಮೊದಲ ಪುಟದಲ್ಲಿ ಹೆಸರು ಬರೆಯಿರಿ. ವಾರಕ್ಕೆ ಒಂದು ಸಲ, ಒಂದೂವರೆ ಗಂಟೆ, ಒಬ್ಬರಿಗೆ ಒಂದೇ ಮಗು. ಘಟಕದ ಕಚೇರಿಗೆ ಅನುಮತಿಯ ಅರ್ಜಿ ಎಲ್ಲರೂ ಸೇರಿ ಕೊಡೋಣ, ಕೊಡಲ್ಲ ಅಂದರೆ ಬರಹದಲ್ಲಿ ಕೇಳೋಣ. ಕಡೇ ಸೆಮಿಸ್ಟರಿನವರು ಎರಡನೇ ಪುಟದಲ್ಲಿ ಬರೆಯಿರಿ, ನಿಮಗೆ ಅರ್ಜಿ ತುಂಬಿಸುವ ಕೆಲಸ, ಸ್ಕಾಲರ್‌ಶಿಪ್ಪು, ಪ್ರಾಯೋಜಕತ್ವ, 98ನೇ ಕಲಮಿನ ರಜೆ. ಕಾನೂನು ಕಾಲೇಜಿನವರು ಮೂರನೇ ಪುಟ. ಹೆಸರು ಬರೆಯದವರನ್ನು ಯಾರೂ ಏನೂ ಅನ್ನಬಾರದು, ಪರೀಕ್ಷೆ ಇರುವವರು ಓದಿಕೊಳ್ಳಲಿ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಕಡೆಯಿಂದ ಶುರುವಾಗಲಿ.